ಬರ್ತೀನಿ ಅಂದದ್ದೇ ತಪ್ಪಾಯ್ತು

ದೀಪ ಸ್ವಲ್ಪ ಸಣ್ಣದು ಮಾಡಿ. ಬಾಗಿಲ ಹತ್ತಿರ ಕೂತವರು ಒಳಗೆ ಸರಿಯಿರಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ. ಹೋದ ಸಲದ ಕತೆಯಲ್ಲಿ ಮುಕ್ಕಾಲು ಪಾಲು ಬುರುಡೆ, ಒಪ್ಪಿದೆ. ಇದು ಹಾಗಲ್ಲ. ಇದು ನಮ್ಮ ದೊಡ್ಡಮ್ಮನ ಎರಡನೇ ಮಗಳು ಕೆಂಡಕ್ಕನಿಗೇ ಆದದ್ದು.

ರಾತ್ರಿ ಎರಡೂಕಾಲು. ಕಡಲ ದಂಡೆಯಲ್ಲಿ ಅವಳ ತಂಗಿಯಿರುವ ಪುಟ್ಟ ಊರು ಇನ್ನೂ ನಾಲ್ಕು ಕಿಲೋಮೀಟರ್ ದೂರ. ಕೆಂಡಕ್ಕ ಒಬ್ಬಳೇ ನಡೆಯುತ್ತಿದ್ದಳು. ಹೆಗಲಲ್ಲಿ ಚೀಲ, ಒಂದು ಕಾಲಿನ ಚಪ್ಪಲಿ ಕಿತ್ತುಹೋಗಿದೆ. ಚಟ್... ಸರಕ್. ಚಟ್... ಸರಕ್. ಎಡಗಡೆ ಕತ್ತಲಲ್ಲಿ ಸಮುದ್ರ ಉಸಿರೆಳೆದು ಬಿಡುತ್ತಿತ್ತು. ಭಯ ಆಗಲಿಲ್ಲವಾ ಅಂತ ಕೇಳಬೇಡಿ. ಭಯಕ್ಕೆ ಜಾಗ ಎಲ್ಲಿತ್ತು? ಮೈತುಂಬ ಸಿಟ್ಟು.

ಇಪ್ಪತ್ತೆರಡು ವರ್ಷದಿಂದ ಅವಳು ಬಸ್ ಕಂಡಕ್ಟರ್. ಫುಟ್‌ಬೋರ್ಡಿನಲ್ಲಿ ನೇತಾಡುವವರು ಅವಳ ಒಂದು ಗದರಿಕೆಗೆ ಡ್ರೈವರ್ ಸೀಟಿನ ತನಕ ಒಳಗೆ ಬರುತ್ತಿದ್ದರು. ಅಂಥವಳು ಜೀವಮಾನದಲ್ಲೇ ಮೊದಲ ಸಲ ವಿಮಾನ ಹತ್ತಿದ್ದು ತಂಗಿಗೋಸ್ಕರ. ತಂಗಿಯ ಹೊಟ್ಟೆಯಲ್ಲಿ ಗಡ್ಡೆ. ಆ ಊರಿನ ಆಸ್ಪತ್ರೆಗೆ ಸರ್ಜನ್ ಬರುವುದು ತಿಂಗಳಿಗೆ ಒಂದೇ ದಿನ. ಬೆಳಿಗ್ಗೆ ಏಳಕ್ಕೆ ಆಪರೇಷನ್, ಅಷ್ಟರೊಳಗೆ ಮನೆಯವರೊಬ್ಬರು ಖುದ್ದಾಗಿ ಸಹಿ ಹಾಕಬೇಕು. ತಂಗಿಯ ಗಂಡ ಮೀನಿನ ದೋಣಿ ಹತ್ತಿ ವಾರವಾಗಿತ್ತು, ನಡುನೀರಲ್ಲಿ ಫೋನ್ ಹತ್ತುವುದಿಲ್ಲ. ಸಹಿ ಆಗದಿದ್ದರೆ ಮುಂದಿನ ತಿಂಗಳು. "ಅಲ್ಲೀತನಕ ಅವರು ತಡೆಯಲ್ಲ, ಅಕ್ಕಾ..." ಅಂತ ನರ್ಸ್ ಫೋನಿನಲ್ಲಿ ಪಿಸುಗುಟ್ಟಿದ್ದಳು.

ವಿಮಾನ ಮೂರು ಗಂಟೆ ತಡ. ಇಳಿದು ನೋಡಿದರೆ ಹೇಳಿಟ್ಟಿದ್ದ ಕಾರು ಹಳೇ ಏರ್‌ಪೋರ್ಟಿನಲ್ಲಿ, ಇವಳು ಹೊಸದರಲ್ಲಿ!

"ಒಂದೂರಿಗೆ ಎರಡು ಏರ್‌ಪೋರ್ಟ್ ಯಾಕಯ್ಯಾ? ಒಂದರಲ್ಲಿ ಕಳೆದುಹೋದವರನ್ನ ಇನ್ನೊಂದರಲ್ಲಿ ಹುಡುಕೋಕಾ?" ಅಂತ ಕೌಂಟರಿನಲ್ಲಿ ಟೈ ಕಟ್ಟಿಕೊಂಡು ನಿಂತವನ ಬೆವರಿಳಿಸಿದಳು. ಕಾರು ಬರುವ ಹೊತ್ತಿಗೆ ದೀಪಗಳು ಹತ್ತಿದ್ದವು. ಏಳು ತಾಸಿನ ದಾರಿ. ಕೊನೆಗೂ ಊರಿನ ಹೆಸರಿನ ಬೋರ್ಡ್ ಕಂಡಿತು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ.

"ಇಳೀರಿ ಅಮ್ಮಾ, ಊರು ಬಂತು."

"ಬೋರ್ಡ್ ಬಂದಿದೆ. ಊರೆಲ್ಲಿ?"

"ನಮಗೆ ಬೋರ್ಡ್ ತನಕ ಮಾತ್ರ. ರಾತ್ರಿ ಇದರಾಚೆ ಯಾವ ಗಾಡೀನೂ ಹೋಗಲ್ಲ."

"ಯಾಕೆ?"

ಅವನು ಕೈ ಚಾಚಿ ಹಿಂದಿನ ಬಾಗಿಲು ತೆರೆದ. ಇವಳು ಕಾಲು ನೆಲಕ್ಕಿಟ್ಟದ್ದೇ ತಡ, ಗಾಡಿ ತಿರುಗಿಸಿಕೊಂಡು ಓಟ ಕಿತ್ತ. "ನಿನ್ನ ಗಾಡಿ ಹಳ್ಳ ಹಿಡಿಯ!" ಅಂತ ಅವಳು ಕೂಗಿದ್ದು ಕತ್ತಲಿಗಷ್ಟೇ ಕೇಳಿಸಿತು.

ಹೀಗೆ ಡ್ರೈವರನ ಏಳು ತಲೆಮಾರನ್ನು ಬೈಯುತ್ತ ಒಂದು ತಿರುವು ದಾಟಿದಳು. ದೊಡ್ಡ ಆಲದ ಮರ. ಅದರಡಿಯಿಂದ ಸದ್ದು...

ಕಿರ್ರ್... ಕಿರ್ರ್... ದಡ್.

ರಾಟೆ. ಮುದುಕನೊಬ್ಬ ಬಾವಿಯಿಂದ ನೀರು ಸೇದುತ್ತಿದ್ದ.

"ಬಾಯಾರಿದೆಯಾ?" ಅಂದ. ಬರೀ ಗಾಳಿಯಂಥ ಧ್ವನಿ.

ಬೈದು ಬೈದು ಗಂಟಲು ಒಣಗಿತ್ತು. ಬೊಗಸೆ ಒಡ್ಡಿದಳು. ಸುರಿದ. ಬಾಯಿಗಿಟ್ಟರೆ... ಉಪ್ಪು! ಕಡಲ ನೀರೇ. ಥೂ ಅಂತ ಉಗುಳಿದಳು. ಆದರೂ ಹಿರಿಯರು, ಕರೆದು ನೀರು ಕೊಟ್ಟವರು. ಬಾಯಿ ಅಭ್ಯಾಸ ನೋಡಿ, ಹೊರಡುವಾಗ ಎಲ್ಲರೂ ಅನ್ನುವ ಮಾತೇ ಬಂತು.

"ಬರ್ತೀನಿ, ತಾತ."

"ಯಾವಾಗ?"

ಯಾರಾದರೂ ನಿಮ್ಮನ್ನ ಹಾಗೆ ಕೇಳಿದ್ದಾರಾ? ಬರ್ತೀನಿ ಅಂದರೆ ಹೂಂ ಅಂತಾರೆ, ಒಳ್ಳೇದು ಅಂತಾರೆ. ಯಾವಾಗ ಅಂತ ಯಾರೂ ಕೇಳುವುದಿಲ್ಲ.

ಅವಳು ತಿರುಗುವಷ್ಟರಲ್ಲಿ ಬಲಗೈ ಮಣಿಕಟ್ಟು ಅವನ ಹಿಡಿತದಲ್ಲಿತ್ತು. ತಣ್ಣಗಲ್ಲ, ಬಿಸಿಯಲ್ಲ... ಒದ್ದೆ ಹಗ್ಗ ಸುತ್ತಿದ ಹಾಗೆ.

"ಎಲ್ಲಾರೂ ಬರ್ತೀವಿ ಅಂದ್ರು. ಕಾರು ಹತ್ತಿದ್ರು. ವಿಮಾನ ಹತ್ತಿದ್ರು. ಒಬ್ಬರೂ ಬರಲಿಲ್ಲ." ಪಿಸುಮಾತಿನಲ್ಲೇ ಹಲ್ಲು ಕಡಿಯುವ ಸದ್ದು. "ನೀನು ಯಾವಾಗ?"

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣಯ್ಯಾ! ಮಾತು ಬರಲ್ವಾ ನಿಂಗೆ?"

"ಹಾಗಾದ್ರೆ ಹೋಗ್ತೀನಿ ಅನ್ನು... ಬಿಡ್ತೀನಿ."

ಕೆಂಡಕ್ಕ ಬಾಯಿ ತೆರೆದಳು. ಮುಚ್ಚಿದಳು. ಆ ಮಾತನ್ನ ಯಾರು ಆಡುತ್ತಾರೆ? ಚಿಕ್ಕಂದಿನಲ್ಲಿ ಒಂದು ಸಲ ಅಂದದ್ದಕ್ಕೆ ದೊಡ್ಡಮ್ಮ ಸೌಟಿನಿಂದ ಬಾರಿಸಿದ್ದಳು. ಅದೂ ತಂಗಿ ಆಪರೇಷನ್ನಿಗೆ ಕಾದು ಮಲಗಿರುವಾಗ? ಇವಳು ಹೋಗ್ತೀನಿ ಅಂದರೆ... ನಿಜವಾಗಿ ಹೋಗುವವರು ಯಾರು?

ಹಿಡಿತ ಬಿಗಿಯಾಯಿತು. ಒಂದೊಂದೇ ಹೆಜ್ಜೆ, ಬಾವಿಯ ಕಡೆಗೆ. ಚಟ್... ಸರಕ್.

ಆಗ ಅವಳ ಸಿಟ್ಟು ನೆತ್ತಿಗೇರಿತು ನೋಡಿ. ತಡವಾದ ವಿಮಾನದ ಸಿಟ್ಟು, ಬೋರ್ಡಿನ ಡ್ರೈವರನ ಸಿಟ್ಟು, ಹೇಳದೆ ಕೇಳದೆ ಕಡಲಿಗಿಳಿದ ತಂಗಿಯ ಗಂಡನ ಸಿಟ್ಟು, ಎಲ್ಲ ಒಟ್ಟಿಗೆ. ದೆವ್ವ ಅನ್ನುವುದೂ ಮರೆತುಹೋಯಿತು. ತುಂಬಿದ ಬಸ್ಸಿನಲ್ಲಿ ಕೊನೇ ಸೀಟಿನ ತನಕ ಕೇಳುವ ಆ ಧ್ವನಿ ತೆಗೆದಳು.

"ಏಯ್! ಎಷ್ಟು ಹೊತ್ತು ದಾರೀಲಿ ಅಡ್ಡ ನಿಲ್ತೀಯ? ನಿನ್ನ ಸ್ಟಾಪ್ ಬಂತು. ಇಳಿ!"

ಮುದುಕ ಬೆಚ್ಚಿದ.

"ಬಂತಾ?"

"ಬಂದು ಎಷ್ಟೋ ಹೊತ್ತಾಯ್ತು. ನಿನ್ನೊಬ್ಬನಿಗೋಸ್ಕರ ಗಾಡಿ ನಿಲ್ಲಿಸ್ಕೊಂಡಿದೀನಿ. ಇಳಿ ಬೇಗ!"

ಕೈ ಸಡಿಲವಾಯಿತು. ಅವನು ಬಾವಿಯ ಕಟ್ಟೆ ಹತ್ತಿದ. ಕಂಬಿ ಹಿಡಿಯುವವನ ಹಾಗೆ ಹಗ್ಗ ಹಿಡಿದ. ಒಂದು ಕಾಲು ಇಳಿಸಿದ... ಇನ್ನೊಂದು ಕಾಲು ಇಳಿಸಿದ...

ನೀರಿನ ಸದ್ದು ಬರಲಿಲ್ಲ.

ಎಷ್ಟು ಹೊತ್ತು ಕಿವಿ ಕೊಟ್ಟಳೋ. ಬರಲೇ ಇಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಮೂರು ಐವತ್ತಕ್ಕೆ ಆಸ್ಪತ್ರೆ. ನರ್ಸ್ ಫಾರಂ ಮುಂದಿಟ್ಟಳು. ಪೆನ್ನು ಊರಿದರೆ ಶಾಯಿ ಹಬ್ಬಿಹೋಯಿತು, ಕಾಗದ ತೊಪ್ಪೆ. "ಕೈ ಒರೆಸ್ಕೊಳ್ಳಿ ಅಕ್ಕಾ." ಒರೆಸಿದಳು. ಎರಡನೇ ಫಾರಮ್ಮೂ ತೊಪ್ಪೆ. "ಇದೇನು, ಒದ್ದೆ ಬಟ್ಟೆ ಹಿಂಡ್ತಾ ಇದೀರಾ?" ಅಂದಳು ನರ್ಸ್. ಕೊನೆಗೆ ಮುದುಕ ಹಿಡಿದಿದ್ದ ಮಣಿಕಟ್ಟಿಗೆ ಎಡಗೈಯಲ್ಲಿ ಬಟ್ಟೆ ಒತ್ತಿಕೊಂಡು ಮೂರನೆಯದಕ್ಕೆ ಹೇಗೋ ಸಹಿ ಗೀಚಿದಳು. ಏಳಕ್ಕೆ ಸರಿಯಾಗಿ ತಂಗಿಯನ್ನ ಒಳಗೆ ಕರೆದೊಯ್ದರು. ಗಡ್ಡೆ ತೆಗೆದರು. ತಂಗಿ ಈಗ ಗುಂಡುಕಲ್ಲಿನ ಹಾಗಿದ್ದಾಳೆ, ಗಂಡನನ್ನ ಅಕ್ಕನಿಗಿಂತ ಚೆನ್ನಾಗಿ ಬೈಯುತ್ತಾಳೆ.

ನಗುವವರು ನಗಿ. ನಾನೇ ಆ ಆಸ್ಪತ್ರೆಗೆ ಹೋಗಿ ಕಣ್ಣಾರೆ ನೋಡಿದ್ದೇನೆ. ಏಳು ವರ್ಷದ ಹಳೇ ಕಡತ, ಎಲ್ಲ ಹಾಳೆಗಳೂ ಗರಿಗರಿಯಾಗಿವೆ. ಕೆಂಡಕ್ಕ ಸಹಿ ಹಾಕಿದ ಅದೊಂದು ಫಾರಮ್ಮಿಗೆ ಮಾತ್ರ ಗುಮಾಸ್ತ ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಇಟ್ಟಿದ್ದಾನೆ... ಪಕ್ಕದ ಹಾಳೆಗಳು ಒದ್ದೆಯಾಗದಿರಲಿ ಅಂತ.