ಕ್ಲಚ್ ಮೇಲಿನ ಕಾಲು

ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಹೋದವನು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಹೆಂಗಸೊಬ್ಬಳು ಹಳೆಯ ನೀಲಿ ಕಾರನ್ನು ಒಂದು ಸುತ್ತು ಓಡಿಸಿ ತಂದಳು. ಒಳಗೆ ಏನೋ ಸುಟ್ಟ ವಾಸನೆ ಎಂಬುದು ಅವಳ ದೂರು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮೆಕ್ಯಾನಿಕ್ ಇಳಿಯುತ್ತಲೇ ನಕ್ಕರು.

"ವೈರು ಯಾವುದೂ ಸುಟ್ಟಿಲ್ಲಮ್ಮ. ಸುಡ್ತಿರೋದು ಕ್ಲಚ್ಚು. ನಿನ್ನ ಎಡಗಾಲು ಅದರ ಮೇಲಿಂದ ಇಳಿಯೋದೇ ಇಲ್ವಲ್ಲ!"

"ಸುಮ್ನೆ ಇಟ್ಕೊಂಡಿರ್ತೀನಿ ಅಂಕಲ್, ಒತ್ತಲ್ಲ."

"ನಿಮ್ಮಮ್ಮನೂ ಇದೇ ಮಾತು ಹೇಳೋರು. ಇದೇ ಕಾರಿಗೆ ಮೂರು ಸಲ ಕ್ಲಚ್ ಪ್ಲೇಟ್ ಬದಲಾಯಿಸಿದೀನಿ."

"ಅಮ್ಮನೇ ಕಲಿಸಿದ್ದು. ಸ್ಕೂಲ್ ಹತ್ರದ ಏರಲ್ಲಿ ಕಾರು ಹಿಂದಕ್ಕೆ ಜಾರುತ್ತೆ ಅಂತ ಅವರಿಗೆ ಭಯ. ಈ ವಾಸನೆ ಬಂದ್ರೆ ಸ್ಕೂಲ್ ಬಂತು ಅಂತ, ನಾನೂ ಅಣ್ಣನೂ ಹಿಂದಿನ ಸೀಟಲ್ಲಿ ಬ್ಯಾಗ್ ಹೆಗಲಿಗೆ ಹಾಕ್ಕೊಳ್ತಿದ್ವಿ."

ಮೆಕ್ಯಾನಿಕ್ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ಅಣ್ಣ ಈಗ ಮಾರಿಬಿಡು ಅಂತಾನೆ. ಯಾವತ್ತಾದ್ರೂ ಬೆಂಕಿ ಹತ್ಕೊಳ್ಳುತ್ತಂತೆ."

"ಏನೂ ಹತ್ಕೊಳ್ಳಲ್ಲ. ಪ್ಲೇಟ್ ಇನ್ನೂ ಗಟ್ಟಿಯಾಗಿದೆ. ಗೇರ್ ಹಾಕಿದ್ಮೇಲೆ ಕಾಲು ಪಕ್ಕಕ್ಕಿಡು, ವಾಸನೆ ನಿಂತುಹೋಗುತ್ತೆ."

"ಪೂರ್ತಿ ನಿಂತುಹೋಗುತ್ತಾ?"

"ಪೂರ್ತಿ."

ಅವಳು ಕಾರು ಹತ್ತಿದಳು.

"ಎಡಗಾಲು!" ಎಂದು ಮೆಕ್ಯಾನಿಕ್ ಹಿಂದಿನಿಂದ ಕೂಗಿದರು.

"ಅಮ್ಮನಿಗೂ ಹೀಗೇ ಕೂಗ್ತಿದ್ರಾ?"

"ಪ್ರತಿ ಸಲ. ಕೈ ಬೀಸಿ ಹೋಗಿಬಿಡೋರು."

ಅವಳೂ ಕೈ ಬೀಸಿದಳು. ಕಾರು ಗೇಟಿನ ಏರು ಹತ್ತಿ ರಸ್ತೆ ಸೇರಿತು. ನಾನು ಕೂತಿದ್ದ ಬೆಂಚಿನವರೆಗೂ ಅದೇ ವಾಸನೆ ಬಂತು.