ಎಡ ಅಂಗೈ ಮರೆತ ಸಾಹುಕಾರ

ಬಹಳ ಹಿಂದೆಯೂ ಅಲ್ಲ, ಬಹಳ ದೂರವೂ ಅಲ್ಲ, ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಹತ್ತಿ ಜಿನ್ನಿನ ಕಾರ್ಖಾನೆ, ದೊಡ್ಡ ಮನೆ, ಕರೆದರೆ ಓಡಿಬರುವ ಆಳುಗಳು. ಹೆಂಡತಿ ಅಂದಾನಮ್ಮ, ಗಂಡ ಬಾಯಾರಿತು ಎನ್ನುವ ಮೊದಲೇ ತಂಬಿಗೆ ಹಿಡಿದು ನಿಲ್ಲುವವಳು. ನೋಡಿ, ನಾನು ಹೇಳುವ ಕಥೆ ಈ ತಾಯಿಯದು.

ಸಾಹುಕಾರನ ಮಿದುಳಿನ ಬಲಭಾಗದಲ್ಲಿ ಗೆಡ್ಡೆ ಬೆಳೆಯಿತು. ಆಪರೇಷನ್ನಿಗೆ ಒಯ್ಯುವ ಮುಂಚೆ ಮೈಮೇಲೆ ಏನೂ ಇರಕೂಡದು ಎಂದರು ಡಾಕ್ಟರು. ಕೂಸಾಗಿದ್ದಾಗಿನಿಂದ ಕೊರಳು ಬಿಡದ ಇಷ್ಟಲಿಂಗವನ್ನು ಬಿಚ್ಚಿ ಹೆಂಡತಿಯ ಕೈಗಿಟ್ಟ. "ಇದನ್ನ ನನ್ನ ಅಂಗೈಯಾಗ ಇಟ್ಕೊಂಡು ಪೂಜಾ ಮಾಡಿದ ಮ್ಯಾಲೇನ ನಾ ಮನಿ ಹೊಸ್ತಲಾ ದಾಟಾಂವ," ಎಂದ.

ಗೆಡ್ಡೆ ತೆಗೆದರು. ಜೀವ ಉಳಿಯಿತು. ಆದರೆ ಎಡಗೈ ಸೋತಿತ್ತು. ಅಷ್ಟೇ ಆಗಿದ್ದರೆ ಸರಿ, ಮನಸ್ಸು ಎಡಭಾಗವನ್ನೇ ಮರೆತಿತ್ತು. ತಟ್ಟೆಯ ಬಲಕ್ಕಿದ್ದ ರೊಟ್ಟಿ ತಿಂದು, ಎಡಕ್ಕಿದ್ದ ಪಲ್ಯ ಹಾಗೇ ಬಿಟ್ಟು, "ಪಲ್ಯಾ ಮಾಡಿಲ್ಲೇನ?" ಎಂದು ಕೇಳುತ್ತಿದ್ದ. ಎಡಗಡೆ ಒಂದು ಜಗತ್ತು ಇದೆ ಎಂಬುದೇ ಅವನಿಗೆ ತೋಚುತ್ತಿರಲಿಲ್ಲ. ಡಾಕ್ಟರು ಅವನನ್ನು ಮನೆಗೆ ಕಳಿಸದೆ, ಕೂರುವುದು ನಿಲ್ಲುವುದು ಗುಂಡಿ ಹಾಕಿಕೊಳ್ಳುವುದನ್ನೆಲ್ಲ ಮರಳಿ ಕಲಿಸುವ ವಾರ್ಡಿಗೆ ಕಳಿಸಿದರು. ಅಂದಾನಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: "ಗೆಡ್ಡಿ ತಿರುಗಿ ಬರಬಹುದು, ಯಾವಾಗಂತ ನಮಗೂ ಹೇಳಾಕ ಬರೂದಿಲ್ಲ. ಇರೂ ದಿನಾನರ ತಮ್ಮ ಕೈಲೆ ಉಂಡು ಇರ್ಲಿ."

ಅಲ್ಲಿ ಕಲಿಸುವ ಹುಡುಗಿ ಎಲ್ಲವನ್ನೂ ಎಡಕ್ಕೇ ಇಡುತ್ತಿದ್ದಳು. ತಂಬಿಗೆ ಎಡಕ್ಕೆ, ಕನ್ನಡಕ ಎಡಕ್ಕೆ, ತನ್ನ ಕುರ್ಚಿಯೂ ಎಡಕ್ಕೆ. ಹುಡುಕಿ ಹುಡುಕಿಯೇ ಮಿದುಳು ಆ ಕಡೆಗೆ ಹೊರಳಬೇಕು. ಅವಳು ಬೆನ್ನು ತಿರುಗಿಸಿದಳೋ, ಅಂದಾನಮ್ಮ ತಂಬಿಗೆಯನ್ನು ಮೆಲ್ಲಗೆ ಬಲಕ್ಕೆ ಸರಿಸಿದಳೇ. ತಟ್ಟೆ ತಿರುಗಿಸಿದಳೇ. ಅಂಗಿಯ ಗುಂಡಿ ತಾನೇ ಹಾಕಿದಳೇ. ಬೆಳಗಾದರೆ ಲಿಂಗವನ್ನು ತನ್ನ ಅಂಗೈಯಲ್ಲಿಟ್ಟು ಅವನ ಬಲಗಡೆ ಹಿಡಿದು, ಪೂಜೆಯನ್ನೂ ತಾನೇ ಮುಗಿಸುತ್ತಿದ್ದಳು. ತಪ್ಪೇ? ಪ್ರೀತಿಯಲ್ಲವೇ? ನೀವೂ ಹಾಗೇ ಮಾಡುತ್ತಿದ್ದಿರಿ ತಾನೇ?

ದಿನಗಳು ಸರಿದವು. ಕೈ ಮೇಲೇಳಲಿಲ್ಲ. ಒಂದು ಮಧ್ಯಾಹ್ನ ಹುಡುಗಿ ಮರಳಿ ಬಂದು ನೋಡುತ್ತಾಳೆ, ತಂಬಿಗೆ ಬಲಕ್ಕಿದೆ.

"ಅಮ್ಮಾರ, ಇದಕ್ಕ ಕಾಲು ಬಂದಾವೇನ್ರಿ?"

"ನೀರು ಕೇಳಿದಾಗ ಕೊಡದ ಕುಂದರ್ಲೇನು? ಕಟಗೊಂಡ ಗಂಡ ಇದ್ದಿದ್ರ ತಿಳೀತಿತ್ತವ್ವಾ ನಿನಗ."

ಹುಡುಗಿ ಸಿಟ್ಟಾಗಲಿಲ್ಲ. "ಸಾಹುಕಾರ್ರು ಮೊದಲ ಪೂಜಾ ಯಾವ ಕೈಯಾಗ ಮಾಡ್ತಿದ್ರು?"

"ಎಲ್ಲಾರಂಗ. ಲಿಂಗ ಎಡಗೈಯಾಗ."

"ಈಗ?"

"ನನ್ನ ಕೈಯಾಗ."

"ಹಂಗಾರ ನೀವ ಹೇಳಿದ ಅವರ ಹರಕಿ ಹೆಂಗ ತೀರತೈತ್ರಿ?"

ಅಂದಾನಮ್ಮ ತನ್ನ ಕುರ್ಚಿಯನ್ನೆತ್ತಿ ಗಂಡನ ಎಡಗಡೆ ಹಾಕಿಕೊಂಡು ಕುಳಿತಳು. ಸ್ವಲ್ಪ ಹೊತ್ತಿಗೆ ಅವನು, "ಅಂದಾನೀ, ಎಲ್ಲಿ ಹೋದಿ?" ಎಂದ.

"ಇಲ್ಲೇ ಅದೀನ್ರಿ."

"ಇಲ್ಲೇ ಅಂದ್ರ ಎಲ್ಲಿ?"

ಎದ್ದು ಮುಂದೆ ಬರಬೇಕೆಂದು ಅವಳ ಜೀವ ಒದ್ದಾಡಿತು. ಬರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಳು. ಅವನು ಛಾವಣಿ ನೋಡಿದ, ಬಾಗಿಲು ನೋಡಿದ, ಕೊನೆಗೆ ಗೋಣು ಚೂರುಚೂರೇ ಎಡಕ್ಕೆ ಹೊರಳಿತು. "ಇಲ್ಲಿ ಕುಂತೀಯೇನು? ಬ್ಯಾಸತ್ತು ತವರಮನೀಗೆ ಹೋಗಿರಬೇಕಂತ ಮಾಡಿದ್ದೆ."

ಅಂದಿನಿಂದ ಪಾಠ ಶುರುವಾಯಿತು. ಲಿಂಗದ ಬದಲು ಮೊದಲು ಅಂಗೈಗೆ ಒಂದು ಲಿಂಬೆಹಣ್ಣು. ಮೊಳಕೈ ಕೆಳಗೆ ದಿಂಬು, ಬಲಗೈಯಿಂದ ಎಡಗೈಯ ಬೆರಳು ಬಿಡಿಸಿಕೊಳ್ಳುವುದು, ಹಣ್ಣಿನ ಮೇಲೆ ಕಣ್ಣು ನೆಡುವುದು. ಹಣ್ಣು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. "ಸಾಹುಕಾರ್ರ, ಇವತ್ತ ಚಿತ್ರಾನ್ನ ಏನ್ರಿ?" ಎಂದು ಪಕ್ಕದ ಹಾಸಿಗೆಯವನು ಛೇಡಿಸುತ್ತಿದ್ದ. ನೀರು ಚೆಲ್ಲಿತು, ಗುಂಡಿ ತಪ್ಪು ಕಾಜಕ್ಕೆ ಬಿತ್ತು, ಊಟಕ್ಕೆ ಒಪ್ಪತ್ತು ಹಿಡಿಯಿತು. ಅಂದಾನಮ್ಮ ಎಡಕ್ಕೆ ಕುಳಿತೇ ಇದ್ದಳು. ಸೇವೆ ಮಾಡುವುದಕ್ಕಿಂತ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ತಿಳಿಯಿತು.

ಈಗ ನಿಮ್ಮ ಮನೆಗೆ ಬನ್ನಿ. ಲಕ್ವ ಹೊಡೆದ ಅತ್ತೆ ಇದ್ದಾರೆ. ಕೈ ನಡುಗುವ ಮಾವ ಇದ್ದಾರೆ. ಲೋಟ ಅಲುಗಿದ ಕೂಡಲೇ ಕಸಿದುಕೊಂಡು ಕುಡಿಸುತ್ತೀರಿ. ಯಾಕೆ? ಅವರಿಗೆ ಕಷ್ಟವಾಗುತ್ತದೆಂದೋ, ನೆಲ ಒರೆಸಲು ನಿಮಗೆ ಕಷ್ಟವೆಂದೋ? ಕೇಳಿಕೊಳ್ಳಿ. ಬಿದ್ದರೆ ಹಿಡಿಯುವಷ್ಟು ಹತ್ತಿರ ಇರಿ, ಬೇಡ ಅನ್ನುವುದಿಲ್ಲ. ಆದರೆ ನಾಳೆ ಬೆಳಗಿನ ಚಹಾ ಅವರೇ ಎತ್ತಿ ಕುಡಿಯಲಿ. ಚೆಲ್ಲಲಿ. ಒರೆಸಿ. ಮತ್ತೆ ಅವರ ಕೈಗೇ ಕೊಡಿ. ಅವರು ತಡವಾಗಿ ಮಾಡುವುದನ್ನು ನೀವು ಬೇಗ ಮಾಡಬೇಡಿ. ಕಾಯಿರಿ. ನಾನು ಕೇಳುವ ಸೇವೆ ಇಷ್ಟೇ.

ಇನ್ನು ಸಾಹುಕಾರ. ಒಂದು ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಎಡ ಮೊಳಕೈಯನ್ನು ದಿಂಬಿಗೆ ಊರಿ ಕುಳಿತ. ಬೆರಳುಗಳನ್ನು ತಾನೇ ಬಿಡಿಸಿಕೊಂಡ. ಅಂದಾನಮ್ಮ ಲಿಂಗವನ್ನು ಅವನ ಬಲಗೈಗೆ ಕೊಟ್ಟಳು, ಅವನು ಅದನ್ನು ಎಡ ಅಂಗೈಗೆ ಇಟ್ಟುಕೊಂಡ. ಅಂಗೈ ನಡುಗಿತು. ಅವಳ ಕೈ ತಾನಾಗಿಯೇ ಅದರ ಅಡಿಗೆ ಚಾಚಿತು, ಅರ್ಧದಲ್ಲಿ ನಿಂತಿತು, ಹಿಂದಕ್ಕೆ ಸರಿಯಿತು. ನಡುಗುತ್ತಲೇ ಅಂಗೈ ನಿಂತಿತು. ಅವನು ನೀರೆರೆದ, ಪತ್ರೆ ಏರಿಸಿದ, ಎಡಕ್ಕೆ ಹೊರಳಿದ ಕಣ್ಣನ್ನು ಕದಲಿಸದೆ ಪೂಜೆ ಮುಗಿಸಿದ.