ಸದ್ದಿಲ್ಲದೆ ಬಂದ ಕಾರು

ನಮ್ಮ ಷಡ್ಡಕ ಭೈರೇಶನಿಗೆ ಆದದ್ದು ಇದು. ಅವರಿವರ ಬಾಯಿಂದ ಕೇಳಿದ್ದಲ್ಲ, ಅವನೇ ಹೇಳಿದ್ದು.

ಆ ರಾತ್ರಿ ಅವನು ಸುಂಕದಕಟ್ಟೆಯಲ್ಲಿ ಬಸ್ಸಿಳಿದಾಗ ಹನ್ನೊಂದು ದಾಟಿತ್ತು. ಹೆಗ್ಗನಹಳ್ಳಿಯ ಮನೆಗೆ ನಡೆದೇ ಹೊರಟ. ಕಾರಿಲ್ಲದೆ ಬರುತ್ತಿದ್ದದ್ದು ವರ್ಷದಲ್ಲಿ ಅದೇ ಮೊದಲು. ದಾರಿಯಲ್ಲಿ ಒಂದು ಆಲದ ಮರ. ಅದರ ಪಕ್ಕ, ಊರು ಇನ್ನೂ ಹಳ್ಳಿಯಾಗಿದ್ದಾಗಿನ ಬಾವಿ, ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಒಳಗೆ ಆಳದಲ್ಲೆಲ್ಲೋ ನೀರು ತೊಟ್ಟಿಕ್ಕಿತು... ತೊಟಕ್. ತುಸು ಬಿಟ್ಟು ಮತ್ತೆ... ತೊಟಕ್. ಭೈರೇಶ ಆಂಜನೇಯನನ್ನು ನೆನೆದು ಬೇಗಬೇಗ ಹೆಜ್ಜೆ ಹಾಕಿದ.

ಮನೆಗೆ ಬಂದರೆ ಗೇಟು ಮುಚ್ಚಿತ್ತು. ತಾನೇ ಕೈ ಹಾಕಿ ಚಿಲಕ ಎತ್ತಿದ... ಕಿಣ್. ಹನ್ನೊಂದು ತಿಂಗಳಲ್ಲಿ ರಾತ್ರಿ ಹೊತ್ತು ಗೇಟು ತಾನೇ ತೆಗೆದದ್ದು ಅದೇ ಮೊದಲು. ಪಾಪ, ನಡೆದು ಬಂದರೆ ಅವಳಿಗೆ ಹೇಗೆ ಗೊತ್ತಾಗಬೇಕು, ನಾಳೆ ಕಾರಿನಲ್ಲಿ ಬರ್ತೀನಲ್ಲ... ಅಂದುಕೊಂಡು ಒಳಗೆ ಹೋದ.

ಅವಳು ಅಂದರೆ ಅವನ ಹೆಂಡತಿ ಕುಸುಮಾ. ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಬಿಡಿಸಿಯೇ ಹೇಳಬೇಕು. ಭೈರೇಶನ ಕಾರು ಹಳೆಯದು. ಇಂಜಿನ್ನನ್ನು ಹೊತ್ತು ಅದರ ನಡುಕ ತಡೆಯುವ ರಬ್ಬರಿನ ಮೌಂಟಿಂಗು ಸೀಳಿಹೋಗಿತ್ತು. ಬೀದಿಯ ತಿರುವಿನಲ್ಲಿ ಗೇರ್ ಇಳಿಸಿದರೆ ಇಂಜಿನ್ನು ಎದ್ದು ಬೀಳುತ್ತಿತ್ತು... ದಡ್, ದಡ್, ದಡಕ್. ಕುಸುಮಾ ಒಳಗಿದ್ದೇ ಆ ಸದ್ದು ಹಿಡಿಯುತ್ತಿದ್ದಳು. ಕಾರು ಮನೆ ಮುಂದೆ ಬರುವಷ್ಟರಲ್ಲಿ ಗೇಟು ಹಾರುಹೊಡೆದಿರುತ್ತಿತ್ತು.

"ಇದು ಕಾರೋ, ರಾಗಿ ಮಿಷನ್ನೋ? ಬೀದಿಯವರೆಲ್ಲ ನಗ್ತಾರೆ. ಸರಿ ಮಾಡ್ಸಿ ಅಂದ್ರೆ ಕಿವಿಗೇ ಹಾಕ್ಕೊಳಲ್ಲ ನೀವು."

"ಈ ಯುಗಾದಿಗೆ ಮಾಡ್ಸೇ ಮಾಡಿಸ್ತೀನಿ ಕಣೇ."

"ಹೂಂ, ನನ್ನ ಮೊಮ್ಮಕ್ಕಳ ಕಾಲದ ಯುಗಾದಿಗೆ!"

ಎಷ್ಟೋ ಯುಗಾದಿ ಬಂದುಹೋದವು. ಒಂದು ರಾತ್ರಿ ಗೇಟು ತೆಗೆದಿರಲಿಲ್ಲ. ಭೈರೇಶ ಸಿಡುಕಿಕೊಂಡು ಹಾರನ್ ಮೇಲೆ ಹಾರನ್ ಒತ್ತಿದ. ಒಳಗೆ ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು. ಎದೆ ನಿಂತುಹೋಗಿತ್ತು. ಸಾರು ಇನ್ನೂ ಬಿಸಿಯಾಗಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮತ್ತೆ ಕೆಲಸಕ್ಕೆ ಹೋದ. ರಾತ್ರಿ ವಾಪಸ್ಸು ಬರುವಾಗ ತಿರುವಿನಲ್ಲಿ ದಡ್, ದಡ್, ದಡಕ್... ಬಂದು ನೋಡಿದರೆ ಗೇಟು ಹಾರುಹೊಡೆದಿತ್ತು. ಮಹಡಿಯಲ್ಲಿ ಬಾಡಿಗೆಗಿದ್ದ ಗದಗದ ಕಡೆಯ ಲಕ್ಷ್ಮವ್ವಜ್ಜಿ ತೆಗೆದಿರಬೇಕು ಅಂದುಕೊಂಡ.

"ಇಲ್ಲೋ ಯಪ್ಪಾ. ನಾ ಒಂಬತ್ತಕ್ಕ ಮಲಗಾಕಿ" ಅಂದಳು ಅಜ್ಜಿ.

ಮರುದಿನವೂ ತೆಗೆದಿತ್ತು. ಅದರ ಮರುದಿನವೂ. ಭೈರೇಶ ಯಾರಿಗೂ ಹೇಳಲಿಲ್ಲ. ಶಾಂತಿ ಮಾಡಿಸಲಿಲ್ಲ. ಕಾರಿನಲ್ಲಿ ಕೂತಲ್ಲೇ ಕೈಮುಗಿದು, ನಿಧಾನಕ್ಕೆ ಒಳಗೆ ತರುತ್ತಿದ್ದ. ಅಷ್ಟರ ಮಟ್ಟಿಗಾದರೂ ಅವಳಿದ್ದಾಳಲ್ಲ... ಅವನಿಗೆ ಅಷ್ಟು ಸಾಕಿತ್ತು.

ವರ್ಷದ ತಿಥಿ ಹತ್ತಿರ ಬಂತು. ಹೋದವರು ಬಯಸಿದ್ದನ್ನು ಎಡೆಯಲ್ಲಿ ಇಡುವುದು ನಮ್ಮ ಪದ್ಧತಿ. ಕುಸುಮಾ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು, ಕಾರು ಸರಿಮಾಡಿಸಿ ಅಂತ. ಅದನ್ನು ನಡೆಸದೆ ಎಡೆಯ ಮುಂದೆ ಯಾವ ಮುಖ ಹೊತ್ತು ಕೂರುವುದು?

ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಅವನ ಕೆಲಸವೇ ಮಿಷನ್ನುಗಳ ರೋಲರಿಗೆ ಪಾಲಿಯುರಥೇನ್ ಎರಕ ಹೊಯ್ಯುವುದು. ಜೇನಿನ ಹಾಗೆ ಸುರಿಯುತ್ತದೆ, ಓವನ್ನಿನಲ್ಲಿ ಬೆಂದರೆ ರಬ್ಬರನ್ನು ಮೀರಿಸಿ ಬಾಳುತ್ತದೆ. ಅದರಲ್ಲೇ, ರಬ್ಬರಿನ ಜಾಗಕ್ಕೆ ಕೂರುವಂಥ ಬುಷ್ ಮಾಡಿ ಮೌಂಟಿಂಗಿಗೆ ಕೂರಿಸುತ್ತೇನೆ ಅಂದ. ಜೊತೆಯಲ್ಲಿ ಕೆಲಸ ಮಾಡುವ ಶ್ರೀಶೈಲ ಹಳೆಯದನ್ನು ಬಿಚ್ಚಿಕೊಟ್ಟ.

"ಅಣ್ಣಾ, ಇದರಲ್ಲಿ ರಬ್ಬರ್ ಎಲ್ಲೈತೆ? ಇಷ್ಟು ದಿನ ಇಂಜಿನ್ ನಿಮ್ಮ ಪುಣ್ಯದ ಮೇಲೆ ಕೂತಿತ್ತು!"

"ನನ್ನದಲ್ಲ, ನಿಮ್ಮತ್ತಿಗೇದು."

ಕಬ್ಬಿಣದ ಬಳೆಗೆ ಕಚ್ಚಿಕೊಂಡಿದ್ದ ಹಳೇ ರಬ್ಬರಿಗೆ ಭೈರೇಶ ಗ್ಯಾಸಿನ ಉರಿ ಹಿಡಿದ. ಚುರ್... ಚುರ್... ಅಂತ ಕರಗಿ ಉರಿದುಹೋಯಿತು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಎರಕ ಹೊಯ್ದು, ಓವನ್ನಿನಲ್ಲಿಟ್ಟು, ಕಾರನ್ನು ಅಲ್ಲೇ ಬಿಟ್ಟು ಹೊರಟ. ಅವನು ನಡೆದು ಬಂದದ್ದು ಆ ರಾತ್ರಿಯೇ.

ಮರುದಿನ ಬುಷ್ ಕೂರಿಸಿಕೊಂಡು ಕಾರಿನಲ್ಲೇ ಬಂದ. ಸ್ಟೀರಿಂಗಿನಲ್ಲಿ ಮಾತ್ರ ಸಣ್ಣಗೆ ಜುಂ ಅನ್ನುವ ನಡುಕ. ತಿರುವಿನಲ್ಲಿ ಗೇರ್ ಇಳಿಸಿದ... ಸದ್ದೇ ಇಲ್ಲ.

"ನೋಡೇ, ಮಾಡ್ಸಿದೆ" ಅಂದ, ಖಾಲಿ ಸೀಟಿನ ಕಡೆ ತಿರುಗಿ.

ಗೇಟು ಮುಚ್ಚಿತ್ತು.

ಹತ್ತು ನಿಮಿಷ ಕಾದ. ಹಾರನ್ ಒತ್ತಲು ಕೈ ಬರಲಿಲ್ಲ. ಇಳಿದು ತಾನೇ ತೆಗೆದ. ಮರುದಿನವೂ ಹಾಗೆಯೇ. ಊಟ ಮಾಡದೆ ಮಲಗಿದ. ಎರಡು ಗಂಟೆಯಿರಬೇಕು, ತಲೆಯ ಹತ್ತಿರ ಫೋನು ಗುಂಯ್... ಗುಂಯ್ ಅಂತು. ಲಕ್ಷ್ಮವ್ವಜ್ಜಿ. ಪಿಸುಮಾತು.

"ಭೈರೇಶಪ್ಪಾ... ನೀ ಯಾವಾಗ ಬಂದಿ?"

"ಹನ್ನೊಂದೂವರೆಗೇ ಬಂದೆ ಅಜ್ಜಿ. ಯಾಕೆ?"

"ಮತ್ತ... ಆಕಿ ಯಾಕ ಇನ್ನೂ ಗೇಟಿನ್ಯಾಗ ನಿಂತಾಳ?"

ಭೈರೇಶ ಹಾಸಿಗೆಯಲ್ಲಿ ಎದ್ದು ಕೂತ.

"ಮೂರು ರಾತ್ರಿ ಆತೋ ಯಪ್ಪಾ. ನೀರಿಗೆ ಎದ್ದಾಗ ಕಿಟಕಿಯಿಂದ ನೋಡ್ತೀನಿ. ಚಿಲಕದ ಮ್ಯಾಲ ಕೈ ಇಟ್ಕೊಂಡು ನಿಂತಿರ್ತಾಳ... ಬೆಳಗಾಗೂತನಕ."

ಭೈರೇಶ ಹೊರಗೆ ಬಂದ. ಅಂಗಳದಲ್ಲಿ ಯಾರೂ ಇಲ್ಲ. ಚಿಲಕ ಮಾತ್ರ ಬೆರಳಗಲ ಎದ್ದಿತು, ಇಳಿಯಿತು... ಕಿಣ್. ಬೀದಿಯ ಕೊನೆಯಲ್ಲಿ ಯಾವುದೋ ಆಟೊ ತಿರುಗಿತು. ಚಿಲಕ ಪೂರ್ತಿ ಎದ್ದಿತು, ಅಲ್ಲೇ ನಿಂತಿತು. ಆಟೊ ಮುಂದಕ್ಕೆ ಹೋಯಿತು... ಕಿಣ್.

"ಕುಸುಮಾ, ನಾನು ಬಂದಾಯ್ತು ಕಣೇ. ಇಲ್ಲೇ ಇದೀನಿ."

ಕಿಣ್.

"ಇತ್ಲಾಗ್ ನೋಡೇ... ನಿನ್ನ ಹಿಂದೇನೇ ಇದೀನಿ."

ಕಿಣ್...

ಅವಳ ಪಾಲಿಗೆ ಅವನಿನ್ನೂ ಬಂದಿರಲಿಲ್ಲ.

ಬೆಳಗಾಗುತ್ತಲೇ ಶೆಡ್ಡಿಗೆ ಓಡಿದ. ಕಸದ ಡಬ್ಬ ಮಗುಚಿ, ಬೂದಿಯಲ್ಲಿ ಕೈಯಾಡಿಸುತ್ತಾ ಕೂತ.

"ಏನ್ ಹುಡುಕ್ತಿದ್ದೀರಣ್ಣಾ?" ಅಂದ ಶ್ರೀಶೈಲ.

"ಹಳೇ ರಬ್ಬರು."

"ಅದನ್ನ ನೀವೇ ಸುಟ್ರಲ್ಲ!"

ಮೌಂಟಿಂಗಿನ ಬೋಲ್ಟು ಸಡಿಲಿಸಿ ನೋಡಿದ. ಗುಜರಿಯಿಂದ ಬೇರೆ ಕಾರಿನ ಹರಿದ ಮೌಂಟಿಂಗು ತಂದು ಹಾಕಿ ನೋಡಿದ. ಠಣ್ ಠಣ್ ಅಂತೇನೋ ಸದ್ದು ಬಂತು. ಆ ದಡಕ್ ಬರಲಿಲ್ಲ. ಗೇಟೂ ತೆರೆಯಲಿಲ್ಲ.

ತಿಥಿಯ ದಿನ ಎಡೆ ಇಟ್ಟ. ಐನೋರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ. ಅವತ್ತಿನಿಂದ ಚಿಲಕದ ಸದ್ದು ನಿಂತಿತು. ಮುಕ್ತಿ ಸಿಕ್ಕಿತು ಬಿಡು ಅಂದರು ನಮ್ಮವರೆಲ್ಲ. ಭೈರೇಶನೂ ಹೂಂ ಅಂದ.

ಹೋದ ವಾರ ರಾತ್ರಿಯೆಲ್ಲ ಮಳೆ ಹೊಯ್ಯಿತಲ್ಲ, ಬೆಳಿಗ್ಗೆ ಅವನು ನನಗೆ ಫೋನ್ ಮಾಡಿ ಬಾ ಅಂದ. ಹೋದೆ. ಗೇಟಿನ ಕಡೆ ಕೈತೋರಿಸಿದ. ಸುಳ್ಳು ಹೇಳಿ ನನಗೇನೂ ಆಗಬೇಕಾದದ್ದಿಲ್ಲ, ದೇವರ ದೀಪದ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ. ಅಂಗಳದ ಸಿಮೆಂಟೆಲ್ಲ ನೆನೆದು ಕಪ್ಪಗಾಗಿತ್ತು. ಗೇಟಿನ ಒಳಬದಿಯಲ್ಲಿ ಎರಡು ಪಾದದಷ್ಟು ಜಾಗ ಮಾತ್ರ ಒಣಗಿ ಬೆಳ್ಳಗಿತ್ತು. ಬಗ್ಗಿ ಕೈಯಿಟ್ಟು ನೋಡಿದೆ. ಪುಟ್ಟ ಪಾದಗಳು. ಬೆರಳುಗಳು ಬೀದಿಯ ಕಡೆಗಿದ್ದವು.